ಓದುಗನ ದುಡ್ಡಿನಲ್ಲೇ ನಡೆದ ಪತ್ರಿಕೆ: ಲಂಕೇಶರ ನೆನಪು

ಘಟ್ಟ ಹತ್ತಿ ದಾವಣಗೆರೆ, ಹರಿಹರದ ಕಡೆ ವ್ಯಾಪಾರಕ್ಕೆಂದು ಹೋದ ನಮ್ಮ ಹಿರಿಯರ ಬಗ್ಗೆ ಒಂದು ತಮಾಷೆ ಮಾತುಂಟು. ಅವರು ಲೆಕ್ಕ ಕಲಿತದ್ದು ಅಂಗಡಿಯಲ್ಲಿ, ಕನ್ನಡ ಕಲಿತದ್ದು ಬಸ್‌ಸ್ಟ್ಯಾಂಡಿನಲ್ಲಿ ಅಂತ. ಮಾತು ತಮಾಷೆಯದ್ದಾದರೂ ಅದರಲ್ಲಿ ಸುಳ್ಳು ಕಮ್ಮಿ. ಎಂಬತ್ತರ ದಶಕದಲ್ಲಿ ಆ ಊರುಗಳ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವವರ ಕೈಯಲ್ಲಿ ಒಂದು ವಾರಪತ್ರಿಕೆ ಇದ್ದೇ ಇರುತ್ತಿತ್ತು. ಸಣ್ಣ ಗಾತ್ರದ್ದು, ಕಪ್ಪು ಬಿಳುಪಿನದ್ದು, ನೋಡಲು ಅಂಥ ಚೆಂದವೇನೂ ಇಲ್ಲ. ಆದರೆ ಒಬ್ಬರು ಕೊಂಡರೆ ಐದಾರು ಮಂದಿ ಓದುತ್ತಿದ್ದರು. ಓದು ಬಾರದವರಿಗೆ ಓದು ಬಂದವರು ಓದಿ ಹೇಳುತ್ತಿದ್ದರು. ಅದೇ ಲಂಕೇಶ್ ಪತ್ರಿಕೆ.

ಅದನ್ನು ಕಟ್ಟಿದ ಪಿ. ಲಂಕೇಶ್ ತೀರಿಕೊಂಡು ಇಪ್ಪತ್ತೈದು ವರ್ಷ ದಾಟಿತು. ಇಂದಿನ ನಮ್ಮ ಮಕ್ಕಳಿಗೆ ಆ ಹೆಸರು ಶಾಲೆಯ ಪಠ್ಯಪುಸ್ತಕದ ಒಂದು ಪದ್ಯದಿಂದ ಗೊತ್ತಿರಬಹುದು, ಅಥವಾ ಗೌರಿ ಲಂಕೇಶರ ತಂದೆ ಎಂದು ಗೊತ್ತಿರಬಹುದು. ಅಷ್ಟಕ್ಕೇ ಬಿಟ್ಟರೆ ಸಾಲದು. ಕನ್ನಡದಲ್ಲಿ ಮುಸ್ಲಿಂ ಮನೆಯೊಳಗಿನ ಹೆಣ್ಣುಮಕ್ಕಳ ದನಿ ಮೊದಲು ದೊಡ್ಡದಾಗಿ ಕೇಳಿಸಿದ್ದು ಅವರ ಪತ್ರಿಕೆಯ ಪುಟಗಳಲ್ಲಿ. ಆ ಕಾರಣಕ್ಕಾದರೂ ಅವರ ಬದುಕನ್ನು ನಾವು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು.

ಕೊನಗವಳ್ಳಿಯ ಹುಡುಗ

ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಪೂರ್ತಿ ಹೆಸರು ಪಾಳ್ಯದ ಲಂಕೇಶಪ್ಪ. ಬೇಸಾಯದ ಲಿಂಗಾಯತ ಕುಟುಂಬ. ಬೆವರು ಸುರಿಸಿ ದುಡಿಯುವ ಅವ್ವ ಮುಂದೆ ಅವರ ಒಂದು ಪ್ರಸಿದ್ಧ ಕವಿತೆಯೇ ಆದಳು. ದೊಡ್ಡ ಮಾತುಗಳಿಂದ ಹೊಗಳದೆ, ಹೊಲ, ದನ, ಮಳೆ, ಮಕ್ಕಳು ಎಂದು ಒದ್ದಾಡಿದ ಒಬ್ಬ ಹೆಂಗಸನ್ನು ಹಾಗೆಯೇ ಮುಂದೆ ನಿಲ್ಲಿಸಿದ ಕವಿತೆ ಅದು. ಓದಿದ ಯಾರಿಗೂ ಸ್ವಂತ ಉಮ್ಮನ ನೆನಪಾಗದೆ ಇರದು.

ಅವರು ಹುಟ್ಟಿದ ಶಿವಮೊಗ್ಗ ತಾಲೂಕಿನಲ್ಲೇ ಕೂಡಲಿ ಇದೆ. ತುಂಗೆಯೂ ಭದ್ರೆಯೂ ಒಂದಾಗುವುದು ಅಲ್ಲಿ. ಅಲ್ಲಿಂದ ಹೊನ್ನಾಳಿ ದಾಟಿ ಹೊಳೆ ಹರಿಹರಕ್ಕೆ ಬರುತ್ತದೆ. ಹರಿ, ಹರ ಇಬ್ಬರೂ ಒಂದೇ ವಿಗ್ರಹದಲ್ಲಿ ನಿಂತ ಊರು ಅದು. ಕೂಡಲಿಯಿಂದ ಹರಿಹರದವರೆಗಿನ ಜನ ಮಾತಾಡುವ ಕನ್ನಡ ಗಟ್ಟಿ ಕನ್ನಡ. ಸುತ್ತಿ ಬಳಸಿ ಹೇಳುವ ರೂಢಿ ಅಲ್ಲಿಲ್ಲ. ಲಂಕೇಶರ ಬರವಣಿಗೆಯೂ ಹಾಗೇ ಇತ್ತು. ದಾವಣಗೆರೆ, ಹರಿಹರದ ಓದುಗರಿಗೆ ಅದು ಬೆಂಗಳೂರಿನ ಪತ್ರಿಕೆ ಅನ್ನಿಸದೆ ಪಕ್ಕದೂರಿನ ಮನುಷ್ಯನ ಮಾತು ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ಎ. ಮುಗಿಸಿ, 1959ರಲ್ಲಿ ಶಿವಮೊಗ್ಗದಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಆಮೇಲೆ ಬೆಂಗಳೂರಿಗೆ ಬಂದರು. ಸುಮಾರು ಇಪ್ಪತ್ತು ವರ್ಷ ಪಾಠ ಮಾಡಿದರು. ಆ ಕಾಲದ ಶಿವಮೊಗ್ಗ ಸಮಾಜವಾದಿಗಳ ಊರು. ಕಾಗೋಡಿನ ಗೇಣಿದಾರರ ಸತ್ಯಾಗ್ರಹ ನಡೆದದ್ದು 1951ರಲ್ಲಿ, ಅದೇ ಜಿಲ್ಲೆಯ ಸಾಗರದ ಕಡೆ. ಅಲ್ಲಿಂದ ಬೆಳೆದ ಶಾಂತವೇರಿ ಗೋಪಾಲಗೌಡರು ಒಂದು ಇಡೀ ಪೀಳಿಗೆಯ ಹುಡುಗರನ್ನು ರಾಮಮನೋಹರ ಲೋಹಿಯಾ ಅವರ ವಿಚಾರಗಳ ಕಡೆ ತಿರುಗಿಸಿದರು. ಲಂಕೇಶರೂ ಆ ಗಾಳಿ ಕುಡಿದೇ ಬೆಳೆದವರು. ಜಾತಿಯ ಸೊಕ್ಕು, ಅಧಿಕಾರದ ಸೊಕ್ಕು, ಎರಡನ್ನೂ ಕಂಡರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಮೇಷ್ಟ್ರು, ನಟ, ನಿರ್ದೇಶಕ

ಸಂಪಾದಕರಾಗುವ ಮೊದಲೇ ಲಂಕೇಶ್ ಕನ್ನಡದ ದೊಡ್ಡ ಸಾಹಿತಿ. ಕಥೆ, ಕವಿತೆ, ಕಾದಂಬರಿ, ನಾಟಕ, ಯಾವುದನ್ನೂ ಬಿಟ್ಟವರಲ್ಲ. ಬಿರುಕು, ಮುಸ್ಸಂಜೆಯ ಕಥಾಪ್ರಸಂಗ ಅವರ ಕಾದಂಬರಿಗಳು. ಹೊಸಗನ್ನಡ ಕವಿತೆಗಳನ್ನೆಲ್ಲ ಸೇರಿಸಿ ಅಕ್ಷರ ಹೊಸ ಕಾವ್ಯ ಎಂಬ ಸಂಕಲನ ತಂದರು. ಗ್ರೀಕ್ ನಾಟಕಗಳನ್ನು, ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನು ಕನ್ನಡಕ್ಕೆ ತಂದರು. 12ನೇ ಶತಮಾನದ ಬಸವಣ್ಣನ ಕಲ್ಯಾಣವನ್ನು ಕುರಿತ ಸಂಕ್ರಾಂತಿ ನಾಟಕ ಇವತ್ತಿಗೂ ರಂಗದ ಮೇಲೆ ಬರುತ್ತಿರುತ್ತದೆ. ತಾನು ಹುಟ್ಟಿದ ಸಮುದಾಯ ಪೂಜಿಸುವ ಪುರುಷನ ಕಾಲವನ್ನೇ ಎತ್ತಿಕೊಂಡು, ಆ ಚಳವಳಿ ಎಲ್ಲಿ ಎಡವಿತು ಎಂದು ಕೇಳಿದ ನಾಟಕ ಅದು. ಈ ಮಾತನ್ನು ನೆನಪಿಡಿ, ಮುಂದೆ ನಮಗೆ ಬೇಕಾಗುತ್ತದೆ.

1970ರಲ್ಲಿ ಬಂದ ಸಂಸ್ಕಾರ ಸಿನಿಮಾದಲ್ಲಿ ನಾರಣಪ್ಪನ ಪಾತ್ರ ಮಾಡಿದ್ದು ಇವರೇ. ಆಮೇಲೆ ತಾವೇ ನಿರ್ದೇಶಕರಾದರು. ಬಿರುಕು ಕಾದಂಬರಿಯನ್ನು ಪಲ್ಲವಿ ಎಂದು ಸಿನಿಮಾ ಮಾಡಿ, 1976ರ ಸಾಲಿನ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದರು. ಅನುರೂಪ, ಖಂಡವಿದೆಕೋ ಮಾಂಸವಿದೆಕೋ, ಎಲ್ಲಿಂದಲೋ ಬಂದವರು ಬಂದದ್ದು ಅದರ ಬೆನ್ನಿಗೆ. ಹೆಸರು ಬಂತು, ದುಡ್ಡು ಬರಲಿಲ್ಲ. ಮನೆಯ ಖರ್ಚಿಗೆ ಪತ್ನಿ ಇಂದಿರಾ ಸೀರೆ ವ್ಯಾಪಾರಕ್ಕೆ ಇಳಿದರು. ದೊಡ್ಡ ಮನುಷ್ಯರ ಚರಿತ್ರೆ ಬರೆಯುವಾಗ ಇಂಥ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಅಂಗಡಿಯ ಕಷ್ಟ ಬಲ್ಲ ನಮ್ಮವರಿಗೆ ಆ ಒಂದು ಸಾಲಿನ ತೂಕ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಗಂಡ ಸರಕಾರಿ ಸಂಬಳ ಬಿಟ್ಟು ಬಂದಾಗ ಮನೆಗೆ ನಾಳೆಯ ಅಕ್ಕಿಯ ಧೈರ್ಯ ಕೊಟ್ಟದ್ದು ಆ ವ್ಯಾಪಾರ.

ಹೌದು, ಎಪ್ಪತ್ತರ ದಶಕದ ಕೊನೆಗೆ ಅವರು ಕೆಲಸ ಬಿಟ್ಟರು. ಅಷ್ಟರಲ್ಲಿ ಪ್ರಜಾವಾಣಿಯಲ್ಲಿ ಅಂಕಣ ಬರೆದು ಪತ್ರಿಕೆಯ ರುಚಿ ಹತ್ತಿತ್ತು. ಸಾಹಿತಿಯ ಪುಸ್ತಕ ಸಾವಿರ ಜನರ ಕೈಗೆ ಹೋದರೆ ಹೆಚ್ಚು. ಪತ್ರಿಕೆಯ ಬರಹವಾದರೆ ಬೆಳಗಾಗುವುದರೊಳಗೆ ಹಳ್ಳಿ ಹಳ್ಳಿಗೆ ಮುಟ್ಟುತ್ತದೆ. ಅಂಥದ್ದೊಂದು ಸ್ವಂತಕ್ಕೆ ಬೇಕು ಅನ್ನಿಸಿತು.

1980ರ ಜುಲೈ

1980ರ ಜುಲೈ 6ರಂದು ಲಂಕೇಶ್ ಪತ್ರಿಕೆಯ ಮೊದಲ ಸಂಚಿಕೆ ಬಂತು. ಅಂದು ಅವರಿಗೆ ವಯಸ್ಸು ನಲವತ್ತೈದು. ಬೆನ್ನ ಹಿಂದೆ ಕಂಪೆನಿ ಇಲ್ಲ, ಮಠ ಇಲ್ಲ, ಪಕ್ಷ ಇಲ್ಲ. ಇದ್ದದ್ದು ಒಂದು ಹೆಸರು ಮತ್ತು ಒಂದು ಹಟ. ಪತ್ರಿಕೆಗೆ ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂಬ ಹಟ.

ಇದು ಎಷ್ಟು ದೊಡ್ಡ ಹಟ ಎಂದು ತಿಳಿಯಲು ಪತ್ರಿಕೆಯ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಕಾಗದಕ್ಕೆ ದುಡ್ಡು, ಅಚ್ಚಿಗೆ ದುಡ್ಡು, ಬಸ್ಸು ರೈಲಿನಲ್ಲಿ ಕಟ್ಟು ಕಳಿಸಲು ದುಡ್ಡು, ಏಜೆಂಟರಿಗೆ ಕಮಿಷನ್, ವರದಿಗಾರರಿಗೆ ಸಂಬಳ. ಮಾರಾಟವಾಗದೆ ಉಳಿದ ಪ್ರತಿಗಳ ನಷ್ಟ ಬೇರೆ. ಓದುಗ ಕೊಡುವ ಬೆಲೆಯಿಂದ ಇದೆಲ್ಲ ಹುಟ್ಟುವುದಿಲ್ಲ. ಹಾಗಾಗಿ ಎಲ್ಲ ಪತ್ರಿಕೆಗಳೂ ಜಾಹೀರಾತನ್ನು ನೆಚ್ಚಿಕೊಂಡೇ ಬದುಕುವುದು. ಅದರಲ್ಲಿ ಸರಕಾರದ ಜಾಹೀರಾತೂ ಸೇರಿತು. ದುಡ್ಡು ಕೊಡುವವನ ಮೇಲೆ ಬರೆಯುವಾಗ ಯಾರ ಪೆನ್ನೂ ಒಂದು ಗಳಿಗೆ ನಿಲ್ಲುತ್ತದೆ. ಇದು ಯಾರ ತಪ್ಪು ಎಂದು ಬೈಯುವ ಮಾತಲ್ಲ, ವ್ಯಾಪಾರದ ಗುಣವೇ ಅಂಥದ್ದು. ಸಾಲ ಕೊಟ್ಟ ಸಾವ್ಕಾರನ ಎದುರು ಜಗಳಕ್ಕೆ ನಿಲ್ಲುವ ಅಂಗಡಿಯವನು ಎಲ್ಲಿದ್ದಾನೆ?

ಲಂಕೇಶ್ ಆ ಸಾವ್ಕಾರನೇ ಬೇಡ ಎಂದರು. ಉಳಿದದ್ದು ಓದುಗ ಒಬ್ಬನೇ. ಅವನು ವಾರ ವಾರ ಜೇಬಿನಿಂದ ತೆಗೆದು ಕೊಡುವ ಚಿಲ್ಲರೆಯಲ್ಲಿ ಪತ್ರಿಕೆ ಬದುಕಬೇಕು. ಅವನಿಗೆ ಬೇಸರವಾದರೆ ಪತ್ರಿಕೆ ಮುಚ್ಚಬೇಕು. ಆ ಓದುಗರನ್ನು ಅವರು ಜಾಣರು, ಜಾಣೆಯರು ಎಂದು ಕರೆದರು. ಜಾಣೆಯರೂ ಇದ್ದಾರೆಂದು ಹೆಸರೆತ್ತಿ ಕರೆದದ್ದು ಸಣ್ಣ ಸಂಗತಿಯಂತೆ ಕಾಣುತ್ತದೆ. ಅದರ ಫಲ ಏನೆಂದು ಮುಂದೆ ನೋಡೋಣ.

ಪತ್ರಿಕೆ ಶುರುವಾಗಿ ಹದಿನೈದು ದಿನಕ್ಕೆ, ಜುಲೈ 21ರಂದು, ನರಗುಂದ ಮತ್ತು ನವಲಗುಂದದಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಊರೂರಿನಲ್ಲಿ ರೈತ ಸಂಘ ಬೆಳೆಯಿತು. ದಲಿತ ಚಳವಳಿ ಬಲವಾಗುತ್ತಿತ್ತು. 1982ರಲ್ಲಿ ಗೋಕಾಕ್ ಚಳವಳಿಗೆ ಜನ ಬೀದಿಗೆ ಬಂದರು. ನಾಡು ಕುದಿಯುತ್ತಿತ್ತು. ಆ ಕುದಿಯುವ ಹೊತ್ತಿಗೆ ಸರಿಯಾಗಿ ಪತ್ರಿಕೆ ಬಂದಿತ್ತು.

ಅಧಿಕಾರಕ್ಕೆ ಅಡ್ಡ ನಿಂತ ನಗು

ಆಗ ಮುಖ್ಯಮಂತ್ರಿ ಆರ್. ಗುಂಡೂರಾಯರು. ಪತ್ರಕರ್ತರನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಎಸೆಯಬೇಕು ಎಂಬ ಅರ್ಥದ ಮಾತಾಡಿ ಪೇಚಿಗೆ ಸಿಕ್ಕವರು. ನಮ್ಮ ಸಮುದ್ರ ಅಷ್ಟು ಮಂದಿಯನ್ನು ತಾಳಿಕೊಳ್ಳುತ್ತಿತ್ತೋ ಏನೋ, ಗುಂಡೂರಾಯರಿಗೆ ಮಾತ್ರ ಒಬ್ಬ ಲಂಕೇಶರನ್ನೇ ತಾಳಿಕೊಳ್ಳಲಾಗಲಿಲ್ಲ. ಪತ್ರಿಕೆ ಅವರನ್ನು ಗುಂ ಎಂದು ಕರೆಯಿತು. ಮುಂದೆ ಬಂಗಾರಪ್ಪನವರು ಬಂ ಆದರು. ವಿಧಾನಸೌಧದ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವೇ ದೊಡ್ಡವರ ಹೆಸರು ಹೇಳಿ ನಗತೊಡಗಿದರು. ಹೆದರಿಕೆ ಹೋಗುವುದು ಹೀಗೇ. ಮೊದಲು ನಗು ಬರುತ್ತದೆ, ಆಮೇಲೆ ಪ್ರಶ್ನೆ.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಆ ಸೋಲಿಗೆ ಹಲವು ಕಾರಣಗಳಿದ್ದವು. ಲಂಕೇಶ್ ಪತ್ರಿಕೆಯೂ ಅದರಲ್ಲೊಂದು ಎಂದು ಬಲ್ಲವರು ಹೇಳುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಹೊಸ ಸರಕಾರದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರೇನೋ. ಲಂಕೇಶ್ ಮೊದಲು ಸಂತೋಷಪಟ್ಟರು, ಆಮೇಲೆ ಹೆಗಡೆಯವರ ಹುಳುಕನ್ನೂ ಹುಡುಕಿ ಬರೆದರು. ಟೆಲಿಫೋನ್ ಕದ್ದಾಲಿಕೆಯ ಆರೋಪದಲ್ಲಿ 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಡುವ ಹೊತ್ತಿಗೆ ಪತ್ರಿಕೆ ಯಾರ ಮನೆಯ ಸೊತ್ತೂ ಅಲ್ಲ ಎಂದು ಎಲ್ಲ ಪಕ್ಷದವರಿಗೂ ಅರ್ಥವಾಗಿತ್ತು. ಪ್ರಸಾರ ಲಕ್ಷ ದಾಟಿತ್ತು. ಮಾನನಷ್ಟ ಮೊಕದ್ದಮೆಗಳೂ ಬಂದವು.

ದಾವಣಗೆರೆ, ಹರಿಹರದಂಥ ಊರಿಗೆ ಇಂಥ ಪತ್ರಿಕೆ ಹಿಡಿಸಿದ್ದಕ್ಕೆ ಕಾರಣವಿದೆ. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು. ಕಮ್ಯೂನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಊರು. ಗಿರಣಿಯವರಷ್ಟೇ ಕಷ್ಟದ ಬದುಕು ಮಂಡಕ್ಕಿ ಭಟ್ಟಿಯವರದ್ದು. ಅಲ್ಲಿ ಹೊಗೆ ಕುಡಿದು ದುಡಿಯುವವರಲ್ಲಿ ಮುಸ್ಲಿಂ ಕುಟುಂಬಗಳೇ ಬಹಳ. ಹರಿಹರದಲ್ಲಿ ಲೇತ್ ಯಂತ್ರ ತಯಾರಿಸುವ ಮೈಸೂರು ಕಿರ್ಲೋಸ್ಕರ್. ಹೊಳೆಯ ಆಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ. ಅದರ ಕೊಳೆನೀರು ತುಂಗಭದ್ರೆಗೆ ಸೇರಿ ಮೀನು ಸಾಯುತ್ತಿದೆ ಎಂದು ಕೆಳಗಿನ ಹಳ್ಳಿಗಳ ಜನ ಎಂಬತ್ತರ ದಶಕದಲ್ಲಿ ಹೋರಾಡಿದ್ದರು. ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ, ಹೊಳೆಯ ನೀರು ಕುಡಿಯುವ ಹಳ್ಳಿಯವನಿಗೂ ಮಂತ್ರಿಗಳ ಭಾಷಣ ಓದುವ ಹುಮ್ಮಸ್ಸು ಇರುವುದಿಲ್ಲ. ಆ ಮಂತ್ರಿ ನಿನ್ನೆ ಹೇಳಿದ್ದೇನು, ಇವತ್ತು ಮಾಡಿದ್ದೇನು ಎಂದು ಕೇಳುವ ಪತ್ರಿಕೆ ಅವನಿಗೆ ಬೇಕಿತ್ತು.

ರಾಜಕೀಯದ ಜೊತೆಗೆ ಬೇರೆಯದ್ದೂ ಇತ್ತು. ಲಂಕೇಶರು ವಾರ ವಾರ ಬರೆಯುತ್ತಿದ್ದ ಟೀಕೆ ಟಿಪ್ಪಣಿಯಲ್ಲಿ ಪುಸ್ತಕ, ಸಿನಿಮಾ, ಕ್ರಿಕೆಟ್ಟು, ಗಿಡ ಮರ, ಎಲ್ಲ ಬರುತ್ತಿತ್ತು. ನೀಲು ಎಂಬ ಹೆಸರಿನಲ್ಲಿ ಅವರು ಬರೆಯುತ್ತಿದ್ದ ನಾಲ್ಕೈದು ಸಾಲಿನ ಕವಿತೆಗಳನ್ನು ಜನ ಬಾಯಿಪಾಠ ಮಾಡುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯಂಥವರು ಬರೆದರು. ಹೆಸರೇ ಕೇಳದ ಊರಿನ ಹೆಸರೇ ಇಲ್ಲದ ಹುಡುಗರೂ ಬರೆದರು. ಬರೆಯಲು ದೊಡ್ಡ ಪದವಿ ಬೇಕಿಲ್ಲ, ಕಂಡದ್ದನ್ನು ಕಂಡಂತೆ ಹೇಳುವ ಎದೆ ಇದ್ದರೆ ಸಾಕು ಎಂಬ ಧೈರ್ಯ ಅದರಿಂದ ಬಂತು.

ನಮ್ಮ ಮನೆಯ ಬಾಗಿಲು

ಈಗ ನಮಗೆ ಹತ್ತಿರದ ಮಾತಿಗೆ ಬರೋಣ.

ಕಾಸರಗೋಡಿನ ಸಾರಾ ಅಬೂಬಕರ್ ಹುಟ್ಟಿದ್ದು 1936ರಲ್ಲಿ. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಮೆಟ್ರಿಕ್ ಮುಗಿಸಿದವರು. ಮದುವೆ, ಮಕ್ಕಳು, ಸಂಸಾರ ಎಂದು ವರ್ಷಗಳು ಕಳೆದವು. ಒಳಗೆ ಹೇಳಬೇಕಾದದ್ದು ಮಾತ್ರ ಹಾಗೇ ಉಳಿದಿತ್ತು. 1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ಅವರು ಬರೆದ ಲೇಖನ ಲಂಕೇಶ್ ಪತ್ರಿಕೆಯಲ್ಲಿ ಬಂತು. ಆಗ ಅವರಿಗೆ ನಲವತ್ತೈದು ವರ್ಷ. ಪತ್ರಿಕೆ ಶುರು ಮಾಡುವಾಗ ಲಂಕೇಶರಿಗಿದ್ದ ವಯಸ್ಸೇ. ಅದರ ಬೆನ್ನಿಗೆ ಚಂದ್ರಗಿರಿಯ ತೀರದಲ್ಲಿ ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು.

ನಾದಿರಾ ಎಂಬ ಹುಡುಗಿಯ ಕಥೆ ಅದು. ಅಪ್ಪನ ಹಟಕ್ಕೆ ಗಂಡನಿಂದ ತಲಾಖ್ ಆಗಿ, ಮತ್ತೆ ಅದೇ ಗಂಡನ ಹತ್ತಿರ ಹೋಗಬೇಕೆಂದರೆ ನಡುವೆ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ಮದುವೆಯಾಗಬೇಕು ಎಂಬಲ್ಲಿಗೆ ಅವಳ ಬದುಕು ಬಂದು ನಿಲ್ಲುತ್ತದೆ. ಓದಿದ ಕನ್ನಡಿಗರು ಬೆರಗಾದರು. ಕರಾವಳಿಯ ಮುಸ್ಲಿಂ ಮನೆಯ ಅಡುಗೆಕೋಣೆ, ಅಲ್ಲಿಯ ಪಿಸುಮಾತು, ಉಮ್ಮಂದಿರ ನಿಟ್ಟುಸಿರು ಅಲ್ಲಿಯವರೆಗೆ ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬಂದಿರಲಿಲ್ಲ.

ನಮ್ಮವರಲ್ಲಿ ಹಲವರಿಗೆ ಸಿಟ್ಟು ಬಂತು. ಮನೆಯ ಗುಟ್ಟನ್ನು ಬೀದಿಗೆ ತಂದರು ಎಂದರು. ಧರ್ಮ ಹೇಳುವುದು ಒಂದು, ಕಥೆಯಲ್ಲಿ ಬಂದದ್ದು ಇನ್ನೊಂದು ಎಂದರು. ಈ ಸಿಟ್ಟನ್ನು ಬರೀ ಮೌಢ್ಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಮನೆಯ ನೋವನ್ನು ಹೊರಗಿನವರು ನಮ್ಮನ್ನು ಹಂಗಿಸಲು ಬಳಸುತ್ತಾರೆ ಎಂಬ ಹೆದರಿಕೆ ಆಗಲೂ ಇತ್ತು, ಈಗಲೂ ಇದೆ. ಹೆದರಿಕೆಗೆ ಕಾರಣವೂ ಇದೆ. ಆದರೆ ಆ ಹೆದರಿಕೆಯ ಭಾರವನ್ನು ಯಾವಾಗಲೂ ಹೆಣ್ಣುಮಕ್ಕಳೇ ಹೊರಬೇಕೇ? ಸಾರಾ ಕೇಳಿದ್ದು ಇದನ್ನೇ. ಅಲ್ಲಾಹನ ಗ್ರಂಥವನ್ನು ಅವರು ಪ್ರಶ್ನಿಸಲಿಲ್ಲ, ಅದರ ಹೆಸರಿನಲ್ಲಿ ಗಂಡಸರು ನಡೆಸುವ ದರ್ಬಾರನ್ನು ಪ್ರಶ್ನಿಸಿದರು.

ಇಲ್ಲಿ ಸಂಕ್ರಾಂತಿ ನಾಟಕ ನೆನಪಿಗೆ ಬರಬೇಕು. ಲಂಕೇಶರು ಬೇರೆಯವರ ಮನೆಯ ಕಸ ತೋರಿಸುವ ಮೊದಲು ಸ್ವಂತ ಮನೆ ಗುಡಿಸಿದವರು. ತಾವು ಹುಟ್ಟಿದ ಸಮುದಾಯದ ಮಠಗಳನ್ನು, ಜಾತಿಯ ಗರ್ವವನ್ನು ಅವರು ಬಿಟ್ಟವರಲ್ಲ. ಹಾಗಾಗಿ ಅವರ ಪತ್ರಿಕೆಯಲ್ಲಿ ಮುಸ್ಲಿಂ ಹೆಂಗಸೊಬ್ಬಳ ನೋವು ಬಂದಾಗ ಅದು ಎದುರು ಪಾಳಯದ ಬಾಣವಾಗಲಿಲ್ಲ. ಲಿಂಗಾಯತರ, ಒಕ್ಕಲಿಗರ, ಬ್ರಾಹ್ಮಣರ, ದಲಿತರ ಮನೆಯ ಸಂಕಟದ ಪಕ್ಕದಲ್ಲೇ ನಮ್ಮ ಮನೆಯ ಸಂಕಟವೂ ಬಂತು, ಅಷ್ಟೇ ಗೌರವದಿಂದ. ಎಲ್ಲರಿಗೂ ಒಂದೇ ತಕ್ಕಡಿ. ಅದೇ ಮಾತನ್ನು ದ್ವೇಷ ಹರಡುವ ಪತ್ರಿಕೆಯೊಂದು ಅಚ್ಚು ಹಾಕಿದ್ದರೆ ಅರ್ಥವೇ ಬೇರೆಯಾಗುತ್ತಿತ್ತು. ಏನು ಹೇಳಿದರು ಎಂಬುದರಷ್ಟೇ ಎಲ್ಲಿ ನಿಂತು ಹೇಳಿದರು ಎಂಬುದೂ ಮುಖ್ಯ.

ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಇದೇ ಪತ್ರಿಕೆಯ ವರದಿಗಾರ್ತಿ. ಮುಸ್ಲಿಂ ಹೆಣ್ಣುಮಗಳೊಬ್ಬಳು ಆಫೀಸು, ಪೊಲೀಸ್ ಠಾಣೆ, ಆಸ್ಪತ್ರೆ ಎಂದು ತಿರುಗಿ ಸುದ್ದಿ ತರುವುದು ಆಗ ಯಾರೂ ಊಹಿಸದ ಸಂಗತಿ. ಜನರ ನಡುವೆ ಓಡಾಡಿದ ಆ ವರ್ಷಗಳು ಅವರ ಕಥೆಗಳಲ್ಲಿ ಕಾಣುತ್ತವೆ. ಅವರು ವಕೀಲರೂ ಆದರು, ಹಾಸನ ಪುರಸಭೆಯ ಸದಸ್ಯೆಯೂ ಆದರು. ಅವರ ಕಥೆಯೊಂದನ್ನು ಗಿರೀಶ ಕಾಸರವಳ್ಳಿ ಹಸೀನಾ ಎಂಬ ಸಿನಿಮಾ ಮಾಡಿದರು. 2025ರ ಮೇ ತಿಂಗಳಲ್ಲಿ, ದೀಪಾ ಭಸ್ತಿ ಇಂಗ್ಲಿಷಿಗೆ ತಂದ ಅವರ ಕಥೆಗಳ ಸಂಕಲನ ಹಾರ್ಟ್ ಲ್ಯಾಂಪ್‌ಗೆ ಇಂಟರ್‌ನ್ಯಾಶನಲ್ ಬೂಕರ್ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ದಿನ ಫೋನಿನಲ್ಲಿ ಅಭಿನಂದನೆ ಕಳಿಸಿಕೊಂಡ ನಮ್ಮ ಎಷ್ಟು ಮನೆಗಳಲ್ಲಿ ಲಂಕೇಶರ ಹೆಸರು ಬಂತೋ ಗೊತ್ತಿಲ್ಲ. ಬರಬೇಕಿತ್ತು. ಜಾಣೆಯರು ಎಂದು ಕರೆದ ಪತ್ರಿಕೆಗೆ ಜಾಣೆಯರು ಓಗೊಟ್ಟದ್ದು ಹೀಗೆ.

ಹಕೀಮನ ಧೈರ್ಯ

1990ರ ಅಕ್ಟೋಬರಿನಲ್ಲಿ ಕರ್ನಾಟಕದ ಹಲವೆಡೆ ಕೋಮುಗಲಭೆ ನಡೆಯಿತು. ದಾವಣಗೆರೆಯ ಬೀದಿಗಳಲ್ಲೂ ಹೊಗೆ ಎದ್ದಿತು. ಆ ಊರಿನ ನಮ್ಮವರು ಅದನ್ನು ಇನ್ನೂ ಮರೆತಿಲ್ಲ. ಎರಡು ವರ್ಷ ಕಳೆದು, 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಅಂಥ ದಿನಗಳಲ್ಲಿ ಪತ್ರಿಕೆ ಕೈಗೆತ್ತಿಕೊಳ್ಳಲೂ ಹೆದರಿಕೆ. ಒಳಗೆ ಏನು ಬರೆದಿದ್ದಾರೋ, ಯಾರನ್ನು ಕೆರಳಿಸಿದ್ದಾರೋ ಅಂತ. ಕೋಮುವಾದದ ವಿಚಾರದಲ್ಲಿ ಮಾತ್ರ ಲಂಕೇಶ್ ಪತ್ರಿಕೆ ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಅನುಮಾನವಿರಲಿಲ್ಲ. ಅದು ಕೊನೆಯವರೆಗೂ ದ್ವೇಷದ ರಾಜಕೀಯವನ್ನು ಎದುರಿಸಿಯೇ ಬರೆಯಿತು.

1993ರ ಹೊತ್ತಿಗೆ ಲಂಕೇಶ್ ಗುಣಮುಖ ಎಂಬ ನಾಟಕ ಬರೆದರು. ದಿಲ್ಲಿಯನ್ನು ಗೆದ್ದು ಸೂರೆ ಮಾಡಿದ ನಾದಿರ್ ಶಾ ಅದರ ನಾಯಕ. ನೆತ್ತರು ಹರಿಸಿ ಗೆದ್ದವನಿಗೆ ರೋಗ ಹಿಡಿದಿದೆ. ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ಸುತ್ತ ಇರುವವರೆಲ್ಲ ಹೊಗಳುವವರು. ಆಗ ಹಕೀಮ ಅಲಾವಿ ಖಾನ್ ಬರುತ್ತಾನೆ. ಅವನ ಕೈಯಲ್ಲಿ ಔಷಧಿಗಿಂತ ದೊಡ್ಡದು ಅವನ ಬಾಯಲ್ಲಿರುವ ಸತ್ಯ. ತಲೆ ಹೋಗುವ ಹೆದರಿಕೆ ಬಿಟ್ಟು ಅವನು ರೋಗಿಗೆ ರೋಗ ಏನೆಂದು ಹೇಳುತ್ತಾನೆ. ಅಧಿಕಾರವೇ ಒಂದು ಕಾಯಿಲೆ, ಹೊಗಳಿಕೆ ಅದನ್ನು ಬೆಳೆಸುತ್ತದೆ, ನೇರ ಮಾತು ಅದನ್ನು ಇಳಿಸುತ್ತದೆ. ಮುಸ್ಲಿಂ ದೊರೆಯೊಬ್ಬನ ಕಥೆ ಹೇಳಿ ಜನರನ್ನು ಕೆರಳಿಸುವವರು ತುಂಬಿದ್ದ ಹೊತ್ತಿನಲ್ಲಿ, ಅಂಥ ದೊರೆಯನ್ನೂ ಅವನನ್ನು ತಿದ್ದಿದ ಮುಸ್ಲಿಂ ಹಕೀಮನನ್ನೂ ಒಟ್ಟಿಗೆ ರಂಗಕ್ಕೆ ತಂದರು. ಆ ಹಕೀಮನಲ್ಲಿ ಒಬ್ಬ ಸಂಪಾದಕನೂ ಇದ್ದಾನೆ ಎಂದು ನಮಗೆ ಅನ್ನಿಸುತ್ತದೆ. ಅದೇ 1993ರಲ್ಲಿ ಕಲ್ಲು ಕರಗುವ ಸಮಯ ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಲಂಕೇಶರಲ್ಲಿ ಕೊರತೆ ಇರಲಿಲ್ಲವೇ? ಇತ್ತು. ಅವರ ನಾಲಿಗೆ ಚೂಪು, ಸಿಟ್ಟು ಮೂಗಿನ ತುದಿಯಲ್ಲಿ. ಗೆಳೆಯರೊಂದಿಗೆ ಮುನಿಸು, ಜಗಳ. ಮನುಷ್ಯರಿಗೆ ಇಟ್ಟ ಅಡ್ಡಹೆಸರುಗಳಲ್ಲಿ ಕೆಲವು ಟೀಕೆಯ ಗೆರೆ ದಾಟಿ ಗೇಲಿಯಾದವು. ಎಂಬತ್ತರ ದಶಕದ ಕೊನೆಗೆ ಪ್ರಗತಿರಂಗ ಎಂದು ತಾವೇ ಒಂದು ರಾಜಕೀಯ ವೇದಿಕೆ ಕಟ್ಟಿ ಊರೂರು ತಿರುಗಿದರು. ಅದು ನಿಲ್ಲಲಿಲ್ಲ. ಪತ್ರಿಕೆ ಕೊಳ್ಳಲು ಸಾಲು ನಿಂತ ಜನ ವೋಟಿಗೆ ಸಾಲು ನಿಲ್ಲಲಿಲ್ಲ. ಪತ್ರಿಕೆ ಒಂದು ಕೆಲಸ, ಪಕ್ಷ ಇನ್ನೊಂದು ಕೆಲಸ ಎಂದು ಗೊತ್ತಾಗಲು ಅಷ್ಟು ಖರ್ಚಾಯಿತು. ಅವರು ಮತ್ತೆ ಬರವಣಿಗೆಯ ಮೇಜಿಗೆ ಮರಳಿದರು. 1997ರಲ್ಲಿ ಹುಳಿಮಾವಿನ ಮರ ಎಂಬ ಆತ್ಮಕಥೆ ಬಂತು. ಹೆಸರೇ ಹೇಳುವಂತೆ ಸ್ವಂತ ಬದುಕಿನ ಹುಳಿಯನ್ನೂ ಅವರು ಅಲ್ಲಿ ಮುಚ್ಚಿಡಲಿಲ್ಲ.

ಆಮೇಲೆ

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ವಯಸ್ಸು ಅರವತ್ತೈದು ತುಂಬಿರಲಿಲ್ಲ. ಕೊನೆಯ ವಾರದವರೆಗೂ ಬರೆಯುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ವಾರ ವಾರ ಜನರೊಂದಿಗೆ ಮಾತಾಡುತ್ತಿದ್ದ ದನಿ ನಿಂತಿತು.

ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದ ಹಿರಿಯ ಮಗಳು ಗೌರಿ ಬಂದು ಸಂಪಾದಕಿಯಾದರು. 2005ರಲ್ಲಿ ಮನೆಯೊಳಗೆ ಭಿನ್ನಾಭಿಪ್ರಾಯ ಬಂದು, ಗೌರಿ ಬೇರೆಯಾಗಿ ಗೌರಿ ಲಂಕೇಶ್ ಪತ್ರಿಕೆ ಶುರು ಮಾಡಿದರು. ಅದಕ್ಕೂ ಜಾಹೀರಾತಿಲ್ಲ. ಅಪ್ಪನ ಹಟವನ್ನು ಮಗಳು ಹಾಗೇ ಇಟ್ಟುಕೊಂಡರು. ಆದರೆ ಕಾಲ ಬದಲಾಗಿತ್ತು. ಟಿವಿ ಬಂದಿತ್ತು, ಮೊಬೈಲ್ ಬಂದಿತ್ತು, ಓದುಗರು ಕಡಿಮೆಯಾಗಿದ್ದರು. ಬಾಬಾಬುಡನ್‌ಗಿರಿಯ ದರ್ಗಾದ ವಿಷಯ ಎದ್ದಾಗ ಕೋಮು ಸೌಹಾರ್ದ ವೇದಿಕೆಯ ಜೊತೆ ಅವರು ಬೀದಿಗಿಳಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅಪ್ಪನ ಕಾಲದಲ್ಲಿ ಬರಹಕ್ಕೆ ಸಿಟ್ಟಾದವರು ಕೋರ್ಟಿಗೆ ಹೋಗುತ್ತಿದ್ದರು. ಮಗಳ ಕಾಲಕ್ಕೆ ಬಂದೂಕು ಬಂತು. ಈ ಮೂವತ್ತೇಳು ವರ್ಷಗಳಲ್ಲಿ ನಾಡು ಎಲ್ಲಿಂದ ಎಲ್ಲಿಗೆ ಬಂತೆಂದು ತಿಳಿಯಲು ಬೇರೆ ಲೆಕ್ಕ ಬೇಡ.

ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದ ಕಿರ್ಲೋಸ್ಕರ್ ಬಾಗಿಲು ಹಾಕಿತು. ಪಾಳಿ ಮುಗಿಸಿ ಬಂದು ಪತ್ರಿಕೆ ಓದುತ್ತಿದ್ದವರ ಮೊಮ್ಮಕ್ಕಳ ಕೈಯಲ್ಲಿ ಈಗ ಫೋನಿದೆ. ಅದರಲ್ಲಿ ಸುದ್ದಿ ಪುಕ್ಕಟೆ. ಗಂಟೆಗೆ ನೂರು ಬರುತ್ತದೆ, ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ಕೇಳುವವರಿಲ್ಲ. ಪುಕ್ಕಟೆ ಸಿಗುವ ಸುದ್ದಿಗೆ ಬೇರೆ ಯಾರೋ ದುಡ್ಡು ಕೊಟ್ಟಿರುತ್ತಾರೆ. ಆ ಸುದ್ದಿಯಲ್ಲಿ ನಮ್ಮ ಹೆಸರು ಹೇಗೆ ಬರುತ್ತದೆ ಎಂದು ದಿನವೂ ನೋಡುತ್ತಿದ್ದೇವೆ. ನೋಡಿ ನೋವು ಪಡುತ್ತೇವೆ, ನಮ್ಮ ಮಾತು ಕೇಳುವ ಪತ್ರಿಕೆಯೇ ಇಲ್ಲ ಎಂದು ಗೊಣಗುತ್ತೇವೆ. ಅಂಥ ಪತ್ರಿಕೆ ತಾನಾಗಿ ಮುಗಿಲಿನಿಂದ ಬೀಳುವುದಿಲ್ಲ. ಸತ್ಯ ಹೇಳುವವನಿಗೆ ಯಾರಾದರೂ ಸಂಬಳ ಕೊಡಬೇಕು. ಓದುಗ ಕೊಡದಿದ್ದರೆ ಸಾವ್ಕಾರ ಕೊಡುತ್ತಾನೆ, ಆಮೇಲೆ ಪತ್ರಿಕೆ ಸಾವ್ಕಾರನ ಮಾತನ್ನೇ ಆಡುತ್ತದೆ.

ಲಂಕೇಶರ ಪತ್ರಿಕೆ ನಡೆದದ್ದು ದಾವಣಗೆರೆಯ ಮಿಲ್ಲಿನವರು, ಹರಿಹರದ ಕಾರ್ಖಾನೆಯವರು, ಶಿವಮೊಗ್ಗದ ಮೇಷ್ಟ್ರುಗಳು, ಕರಾವಳಿಯ ಅಂಗಡಿಯವರಂಥ ಸಾಮಾನ್ಯರು ಕೊಟ್ಟ ಚಿಲ್ಲರೆಯಿಂದ. ಆ ಚಿಲ್ಲರೆಯೇ ಕಾಸರಗೋಡಿನ ಒಬ್ಬ ಗೃಹಿಣಿಗೆ ಪುಟ ಕೊಟ್ಟಿತು, ಹಾಸನದ ಒಬ್ಬ ಹೆಣ್ಣುಮಗಳಿಗೆ ವರದಿಗಾರ್ತಿಯ ಕೆಲಸ ಕೊಟ್ಟಿತು. ಸಾರಾ 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ ಅವರನ್ನು ಕೊಂಡಾಡಿದವರಲ್ಲಿ ಹಿಂದೆ ಸಿಟ್ಟಾಗಿದ್ದ ಮನೆಗಳವರೂ ಇದ್ದರು. ನಮ್ಮ ಮನೆಗಳಲ್ಲಿ ಇವತ್ತು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಅವರ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಏನೋ ಬರೆದಿಟ್ಟಿರುತ್ತಾರೆ. ಅದನ್ನು ಓದಲು ಕೇಳಿ. ಒಳಗೆ ನಿಮಗೆ ಹಿಡಿಸದ್ದು ಇರಬಹುದು, ಸಿಟ್ಟು ಬರಬಹುದು. ಸಿಟ್ಟು ಬಂದರೂ ಪೂರ್ತಿ ಓದಿ ಮುಗಿಸಿ, ಅಚ್ಚಿಗೆ ಕಳಿಸಲು ಅಂಚೆಯ ಖರ್ಚು ನೀವೇ ಕೊಡಿ.